ಗಾಂಧಿಕ್ಲಾಸಿನ ಹೊಸ ಟಿಕೇಟು

ಮಿಲ್ಲಿನ ಗೇಟಿನ ಮುಂದೆಯೂ ಪೇಟೆಯ ಅಂಗಡಿಗಳಲ್ಲಿಯೂ ನಮ್ಮನ್ನು ಈಗೀಗ ಕೇಳುವ ಪ್ರಶ್ನೆಯೊಂದುಂಟು: "ಮೇಷ್ಟ್ರೇ, ಮನೆಯಲ್ಲಿ ಹುಡುಗರು ಓಟಿಟಿ ಹಾಕಿಸೆಂದು ಹಟ ಹಿಡಿದಿದ್ದಾರೆ. ಯಾವುದಕ್ಕೆ ಚಂದಾ ಕಟ್ಟೋಣ?" ಕೂಲಿ, ಬೋನಸ್ಸುಗಳ ಮಾತಾಡುವ ಪತ್ರಿಕೆಗೆ ಸಿನಿಮಾದ ಗೊಡವೆ ಏಕೆ ಎನ್ನುವವರೂ ಇದ್ದಾರೆ. ಬೆವರು ಸುರಿಸಿದ ದುಡ್ಡು ಯಾವ ದಾರಿಯಿಂದ ಯಾರ ಪೆಟ್ಟಿಗೆಗೆ ಹೋಗುತ್ತದೆ ಎಂಬುದು ನಮ್ಮ ವಿಷಯವೇ ಆಗಿರುತ್ತದೆ.

ಮೊದಲು ದರಗಳನ್ನು ನೋಡೋಣ. 2016ರ ಜನವರಿಯಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸ್ ಆಗ ತಿಂಗಳಿಗೆ ಕನಿಷ್ಠ 500 ರೂಪಾಯಿ ಕೇಳಿತು. ಗಿರಾಕಿಗಳು ಸಾಲದೆ 2021ರ ಡಿಸೆಂಬರಿನಲ್ಲಿ ಇಳಿಸಿತು: ಫೋನಿನಲ್ಲಿ ಮಾತ್ರ ನೋಡುವವನಿಗೆ 149, ಏಕಕಾಲಕ್ಕೆ ನಾಲ್ಕು ಪರದೆಗಳಲ್ಲಿ ನೋಡುವವನಿಗೆ 649. ಅದೇ ತಿಂಗಳು ಅಮೆಜಾನ್ ತನ್ನ ಪ್ರೈಮ್ ಚಂದಾವನ್ನು ವರ್ಷಕ್ಕೆ 999ರಿಂದ 1499 ರೂಪಾಯಿಗೆ ಏರಿಸಿತು. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಕನಿಷ್ಠ ದರ, ಜಾಹೀರಾತು ಸಮೇತ, ಮೂರು ತಿಂಗಳಿಗೆ 149. ಈ ದರಗಳಂತೆ ಮೂರಕ್ಕೂ ಕಟ್ಟಿದ ಮನೆಗೆ ವರ್ಷದ ಖರ್ಚು 3883 ರೂಪಾಯಿ. ಫೋನಿನ ರೀಚಾರ್ಜು ಬೇರೆ. ನೂರು ರೂಪಾಯಿಯೊಳಗಿನ ಸಿನಿಮಾ ಟಿಕೇಟಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5ಕ್ಕೆ ಇಳಿಸಿದ ಸರ್ಕಾರ, ಈ ಚಂದಾಗಳ ಮೇಲಿನ 18ನ್ನು ಹಾಗೆಯೇ ಬಿಟ್ಟಿತು.

ಟಾಕೀಸಿನಲ್ಲಿ ಗಾಂಧಿಕ್ಲಾಸು ಇತ್ತು, ಬಾಲ್ಕನಿ ಇತ್ತು. ಬೆಂಚು ಗಟ್ಟಿಯಾಗಿದ್ದರೂ ಗಾಂಧಿಕ್ಲಾಸಿನವನಿಗೆ ಕಂಡದ್ದು ಬಾಲ್ಕನಿಯವನಿಗೆ ಕಂಡ ಚಿತ್ರವೇ. ಹೊಸ ಟಾಕೀಸಿನಲ್ಲಿ ಹಾಗಲ್ಲ. ಅಗ್ಗದ ಟಿಕೇಟಿನವನಿಗೆ ಚಿತ್ರ ಮಬ್ಬು, ಪರದೆ ಅಂಗೈಯಗಲ. ಕಥೆ ಬಿಸಿಯಾಗುವ ಹೊತ್ತಿಗೆ ಸೋಪಿನ ಜಾಹೀರಾತು ಬರುತ್ತದೆ. ಅಮೆಜಾನ್ ಅಂತೂ 2025ರ ಜೂನಿನಲ್ಲಿ, ಅದಾಗಲೇ ಚಂದಾ ತೆತ್ತವರಿಗೂ ಜಾಹೀರಾತು ತೋರಿಸಲಾರಂಭಿಸಿ, ಅದು ಬೇಡವೆಂದರೆ ವರ್ಷಕ್ಕೆ ಇನ್ನೂ 699 ಕೊಡಿ ಎಂದಿತು. ಕೊಂಡ ಅಕ್ಕಿಯಲ್ಲಿ ಕಲ್ಲು ಬೆರೆಸಿ, ಆರಿಸಿಕೊಡಲು ಬೇರೆ ಕೂಲಿ ಕೇಳುವ ವ್ಯಾಪಾರಿಯನ್ನು ನಮ್ಮ ಸಂತೆಯಲ್ಲಿ ಯಾರು ಸಹಿಸಿಯಾರು?

ಸಣ್ಣ ವ್ಯಾಪಾರಿ ಬಂಧುಗಳು ಮುಂದಿನ ಸಂಗತಿಯನ್ನು ಚೆನ್ನಾಗಿ ಬಲ್ಲರು. 2023ರಲ್ಲಿ ಜಿಯೋಸಿನಿಮಾ ಐಪಿಎಲ್ ಕ್ರಿಕೆಟ್ಟನ್ನು ಪುಕ್ಕಟೆ ತೋರಿಸಿತು. ಊರೆಲ್ಲ ಕೊಂಡಾಡಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಭಾರತದ ಟಿವಿ ವ್ಯವಹಾರಗಳನ್ನು ಒಂದುಗೂಡಿಸಿದವು. 2025ರ ಫೆಬ್ರವರಿ 14ರಂದು ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಸೇರಿ ಒಂದೇ ಅಂಗಡಿಯಾದವು. ಆ ವರ್ಷದ ಪಂದ್ಯಗಳನ್ನು ಪೂರ್ತಿ ನೋಡಲು ಚಂದಾವೋ ಗೊತ್ತುಪಡಿಸಿದ ರೀಚಾರ್ಜೋ ಬೇಕಾಯಿತು. ಎದುರಂಗಡಿ ಮುಚ್ಚುವವರೆಗೆ ಪುಕ್ಕಟೆ, ಮುಚ್ಚಿದ ಮೇಲೆ ಬೆಲೆ: ದೊಡ್ಡ ಬಂಡವಾಳದ ಈ ವರಸೆಯನ್ನು ನಮ್ಮ ಕಿರಾಣಿ ಅಂಗಡಿಗಳು ಬೇರೆ ರೂಪದಲ್ಲಿ ದಿನವೂ ಅನುಭವಿಸುತ್ತಿವೆ.

ಇಷ್ಟು ಹಣ ತೆರುವ ಕನ್ನಡಿಗನಿಗೆ ಸಿಗುವ ಕನ್ನಡವೆಷ್ಟು? 2020ರಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ 'ಲಾ', 'ಫ್ರೆಂಚ್ ಬಿರಿಯಾನಿ' ಚಿತ್ರಗಳು ನೇರವಾಗಿ ಪ್ರೈಮ್‌ನಲ್ಲಿ ಬಂದುವೆಂಬುದನ್ನು ಒಪ್ಪುತ್ತೇವೆ. ಆದರೆ ರಕ್ಷಿತ್ ಶೆಟ್ಟಿಯವರ ಸಂಸ್ಥೆ ತಂದ 'ಏಕಂ' ಸರಣಿಗೆ ದೊಡ್ಡ ವೇದಿಕೆಗಳು ಬಾಗಿಲು ತೆರೆಯಲಿಲ್ಲ. ಅವರು 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಹೆಸರಾಂತ ನಟನ ಪಾಡೇ ಇದಾದರೆ, ಹೆಸರಿಲ್ಲದ ಹುಡುಗರ ಪಾಡೇನು?

ಚಿತ್ರ ತಯಾರಿಸುವ ದುಡಿಮೆಗಾರರ ಗತಿಯೂ ಮೇಲೇನಲ್ಲ. ಅಮೆರಿಕದಲ್ಲಿ 2023ರಲ್ಲಿ ಚಿತ್ರಕಥಾ ಲೇಖಕರು 148 ದಿನ, ನಟನಟಿಯರು 118 ದಿನ ಮುಷ್ಕರ ಹೂಡಿದರು. ಎಷ್ಟು ಜನ ನೋಡಿದರೆಂಬ ಲೆಕ್ಕ ಕೊಡಿ, ನೋಡಿದ್ದಕ್ಕೆ ತಕ್ಕ ಪಾಲು ಕೊಡಿ ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಸೇರಿತ್ತು. ಒಗ್ಗಟ್ಟಿನಿಂದ ನಿಂತು ಒಂದಿಷ್ಟನ್ನು ಗೆದ್ದರು.

ಫೋನು ಎಸೆಯಿರಿ ಎಂದು ನಾವು ಹೇಳುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ತನಗೆ ಬಿಡುವಾದ ಹೊತ್ತಿನಲ್ಲಿ ಚಿತ್ರ ನೋಡುವುದು ಒಳ್ಳೆಯ ಅನುಕೂಲವೇ. ಯಂತ್ರದ ಮೇಲೆ ನಮಗೆ ಹಗೆಯಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ನೆರೆಯ ಕೇರಳ ಸರ್ಕಾರ 2024ರ ಮಾರ್ಚ್ 7ರಂದು 'ಸಿ ಸ್ಪೇಸ್' ಎಂಬ ವೇದಿಕೆಯನ್ನು ತೆರೆಯಿತು. ತಿಂಗಳ ಚಂದಾ ಇಲ್ಲದೆ, ನೋಡಿದ ಚಿತ್ರಕ್ಕಷ್ಟೇ ಹಣ. ಆರಂಭದಲ್ಲಿ ಒಂದು ಚಿತ್ರಕ್ಕೆ ಗೊತ್ತುಮಾಡಿದ ದರ 75 ರೂಪಾಯಿ, ಅದರಲ್ಲಿ ಅರ್ಧ ಚಿತ್ರ ತಯಾರಿಸಿದವರಿಗೆ. ಪ್ರಸಾರ ಭಾರತಿಯೂ 2024ರ ನವೆಂಬರಿನಲ್ಲಿ 'ವೇವ್ಸ್' ಆರಂಭಿಸಿತು. ಸರ್ಕಾರದ್ದಾದ ಮಾತ್ರಕ್ಕೆ ಎಲ್ಲವೂ ಚೊಕ್ಕವೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಅಲ್ಲಿ ತಪ್ಪಾದರೆ ಕೇಳುವ ಹಕ್ಕು ಓಟುದಾರನಿಗೆ ಉಂಟು. ಅಮೆಜಾನಿನ ಸಭೆಯಲ್ಲಿ ನಮಗೆ ಓಟಿಲ್ಲ.

ಕರ್ನಾಟಕ ಸರ್ಕಾರವೂ 2025ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ಕನ್ನಡ ಚಿತ್ರಗಳಿಗಾಗಿ ಓಟಿಟಿ ವೇದಿಕೆಯ ಮಾತು ಕೊಟ್ಟಿತು. ಮಾತು ಕಡತದಲ್ಲಿ ಮಲಗಬಾರದು. ನಮ್ಮ ಒತ್ತಾಯಗಳಿವು: ತಿಂಗಳ ಚಂದಾ ಬೇಡ, ನೋಡಿದ ಚಿತ್ರಕ್ಕೆ ಮಾತ್ರ ಹಣವಿರಲಿ. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ತಯಾರಿಸಿದವರಿಗೆ ಸಲ್ಲಲಿ. ಎಷ್ಟು ಜನ ನೋಡಿದರೆಂಬ ಲೆಕ್ಕ ಬಹಿರಂಗವಾಗಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ವಾರಕ್ಕೊಂದು ಉಚಿತ ಪ್ರದರ್ಶನವಿರಲಿ.

ಅಲ್ಲಿಯವರೆಗೆ, ಕೇಳಿದ ಬಂಧುಗಳಿಗೆ ನಮ್ಮ ಉತ್ತರವಿಷ್ಟು: ಮೂರಕ್ಕೂ ಕಟ್ಟಬೇಡಿ. ಬೇಕೆನಿಸಿದ ತಿಂಗಳು ಒಂದಕ್ಕೆ ಕಟ್ಟಿ, ನೋಡಿ ಮುಗಿಸಿ ನಿಲ್ಲಿಸಿರಿ. ಬ್ಯಾಂಕಿನಿಂದ ತಾನಾಗಿ ಹಣ ಕಡಿಯುವ ಆಟೋಪೇಗೆ ಒಪ್ಪಿಗೆ ಕೊಡಬೇಡಿ. ಉಳಿದ ಹಣದಲ್ಲಿ ಊರ ಟಾಕೀಸಿಗೊಮ್ಮೆ ಮನೆಮಂದಿಯೆಲ್ಲ ಹೋಗಿಬನ್ನಿ.