ಸೈಕಾಲಜಿ ಓದಲು ಇಲಿ ಬೇಕೇ? ಮದ್ದೂರು ವಡೆಯೂ ಸಾಕು!

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಯೊಂದರಲ್ಲಿ ಮಗಳು 'ಡಿಗ್ರಿಗೆ ಸೈಕಾಲಜಿ ತಗೋತೀನಿ' ಎಂದರೆ ಒಂದು ಅನುಮಾನ ಏಳಬಹುದು: 'ಇಲಿ ಹಿಡಿದು ಹಿಂಸೆ ಕೊಡಬೇಕಂತಲ್ಲ?' ಇದಕ್ಕೆ ಉಲ್ಟಾ ಮಾತೂ ಉಂಟು: 'ಪ್ರಾಣಿಗಳ ಮೇಲಿನ ಪ್ರಯೋಗವನ್ನೇ ಸರ್ಕಾರ ನಿಷೇಧಿಸಿದೆ.' ಎರಡೂ ಪೂರ್ತಿ ನಿಜವಲ್ಲ. ಯಾಕೆ ಅಂತ ನೋಡೋಣ.

ಅನುಮಾನ ಬಂದದ್ದು ಎಲ್ಲಿಂದ?

ಕಲಿಕೆಯ ಪಾಠ ಶುರುವಾಗುವುದೇ ಪಾವ್ಲೋವ್‌ನ ನಾಯಿ, ಸ್ಕಿನ್ನರ್‌ನ ಇಲಿಯಿಂದ. ನಮ್ಮ ಪಕ್ಕದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗದ ಹೊಣೆ ಹೊತ್ತ ಎಂ.ವಿ. ಗೋಪಾಲಸ್ವಾಮಿಯವರು ಪ್ರಾಣಿ ಪ್ರಯೋಗಾಲಯವನ್ನೂ ಕಟ್ಟಿದ್ದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಆರಂಭಿಸಿದವರೂ ಇವರೇ.

ಕಾನೂನು ಏನು ಹೇಳುತ್ತದೆ?

ಪುಸ್ತಕ, ಮಾದರಿ, ಫಿಲಂಗಳಿಂದ ಅಷ್ಟೇ ಚೆನ್ನಾಗಿ ಕಲಿಸಬಹುದಾದರೆ ಕಾಲೇಜುಗಳಲ್ಲಿ ಪ್ರಾಣಿ ಪ್ರಯೋಗವನ್ನು ಆದಷ್ಟೂ ಕೈಬಿಡಬೇಕು ಎನ್ನುತ್ತದೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್. 2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರ, ಜೀವವಿಜ್ಞಾನ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳಿತು. ಆದರೆ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಈಗಲೂ ಪ್ರಾಣಿಗಳನ್ನು ಬಳಸಬಹುದು.

ಇಲಿ ಇಲ್ಲದೆ ಕಲಿಯುವುದು ಹೇಗೆ?

ವಡೆ ಪಾಠ: ರೈಲು ಮದ್ದೂರಿಗೆ ಬಂದಾಗ 'ವಡೆ, ವಡೆ, ಮದ್ದೂರು ವಡೆ' ಎಂಬ ಕೂಗು ಕೇಳಿದರೇ ಬಾಯಲ್ಲಿ ನೀರೂರುತ್ತದೆ. ಕೂಗಿಗೆ ರುಚಿ ಎಲ್ಲಿದೆ? ಹಿಂದೆ ತಿಂದ ರುಚಿ ಆ ಕೂಗಿಗೆ ಅಂಟಿಕೊಂಡಿದೆ. ಶಬ್ದ ಕೇಳಿದೊಡನೆ ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸಿದ್ದೂ ಇದೇ ಕಾರಣಕ್ಕೆ. ವಡೆಯನ್ನೇ ತಿನ್ನದವರಿಗೆ ಆ ಕೂಗು ಬರೀ ಸದ್ದು.

ಚಪ್ಪಾಳೆ ಆಟ: ಒಬ್ಬರನ್ನು ಹೊರಗೆ ಕಳುಹಿಸಿ, ಅವರು ಮುಟ್ಟಬೇಕಾದ ವಸ್ತುವನ್ನು ಗುಟ್ಟಾಗಿ ಆರಿಸಿ. ಒಳಗೆ ಬಂದವರು ಅದರತ್ತ ಹೆಜ್ಜೆ ಇಟ್ಟಾಗ ಮಾತ್ರ ಚಪ್ಪಾಳೆ ತಟ್ಟಿ. ಮಾತಿಲ್ಲದೆ ವಸ್ತುವಿನ ಬಳಿ ಬರುತ್ತಾರೆ. ಸ್ಕಿನ್ನರ್ ಇಲಿಗೆ ಕಾಳು ಕೊಟ್ಟು ಕಲಿಸಿದ್ದೂ ಹೀಗೇ.

ಬೆರಳಿನ ಚಕ್ರವ್ಯೂಹ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಲಗೆಯ ದಾರಿ ಹುಡುಕುವುದು. ಪ್ರತಿ ಸುತ್ತಿನ ತಪ್ಪು ಎಣಿಸಿ ಗ್ರಾಫ್ ಹಾಕಿದರೆ ಕಲಿಕೆ ಕಣ್ಣಿಗೇ ಕಾಣುತ್ತದೆ.

ಕಂಪ್ಯೂಟರ್ ಇಲಿ: 'ಸ್ನಿಫ್ಫಿ' ಎಂಬ ಸಾಫ್ಟ್‌ವೇರ್ ಇಲಿಗೆ ಪರದೆಯ ಮೇಲೆಯೇ ತರಬೇತಿ ಕೊಡಬಹುದು.

ಇದರಲ್ಲಿ ಕೊರತೆಯೇ ಇಲ್ಲವೇ?

ಇದೆ. ಸಾಫ್ಟ್‌ವೇರ್ ಇಲಿ ತನಗೆ ಬರೆದುಕೊಟ್ಟಷ್ಟನ್ನೇ ಮಾಡುತ್ತದೆ, ಹೊಸ ಸಂಗತಿ ಹೇಳದು. ಆದರೆ ಪದವಿ ತರಗತಿಯ ಕೆಲಸ ಗೊತ್ತಿರುವ ನಿಯಮವನ್ನು ಅರ್ಥ ಮಾಡಿಸುವುದು. ಅದಕ್ಕೆ ಒಂದು ಜೀವ ಬಂಧಿಯಾಗಬೇಕಿಲ್ಲ. ಇಲಿಯ ಭಯಕ್ಕೆ ಮಕ್ಕಳ ಓದು ತಪ್ಪಿಸುವ ಮುನ್ನ ಕಾಲೇಜಿಗೆ ಹೋಗಿ ಒಂದು ಮಾತು ಕೇಳಿ: 'ಇಲ್ಲಿ ಪ್ರಾಕ್ಟಿಕಲ್ ಹೇಗೆ ಮಾಡಿಸ್ತೀರಿ?'