ನೆರಳಿನ ಋಣ

ಯೂರೋಪಿನ ಕಾಲುವೆಗಳಲ್ಲಿ ವಿಲಾಸನೌಕೆಯನ್ನೇರಿ ವಾರಕಾಲ ವಿಹರಿಸುವುದು ಸಿರಿವಂತರಿಗೆ ಅಚ್ಚುಮೆಚ್ಚಿನ ಪ್ರವಾಸವಾಗಿದೆ. ಹಿಂದೆ ಸರಕು ಹೊರುತ್ತಿದ್ದ ಚಪ್ಪಟೆ ತಳದ ದೋಣಿಗಳೆಷ್ಟೋ ಇಂದು ಶಯನಗೃಹ, ಭೋಜನಶಾಲೆಗಳನ್ನೊಳಗೊಂಡ ತೇಲುವ ಹೋಟೆಲುಗಳಾಗಿ ಮಾರ್ಪಟ್ಟಿವೆ. ಇದನ್ನು ಬರಿಯ ಭೋಗವೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಭೋಗದ ಜತೆಗೆ ಬರುವ ಹೊಣೆಯನ್ನು ಹೊರತಕ್ಕವರಾರು ಎಂಬುದೇ ನಮ್ಮ ಪ್ರಶ್ನೆ.

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿಯನ್ನೇ ನೋಡಿರಿ. ತುಲೂಸ್ ನಗರದಿಂದ ಮೆಡಿಟರೇನಿಯನ್ ತೀರದ ತೋ ಸರೋವರದವರೆಗೆ ಸುಮಾರು 240 ಕಿಲೋಮೀಟರು ಉದ್ದದ ಈ ಕಾಲುವೆಯನ್ನು, ಉಪ್ಪಿನ ತೆರಿಗೆಯ ಅಧಿಕಾರಿಯಾಗಿದ್ದ ಪಿಯೇರ್ ಪಾಲ್ ರಿಕೆ ಎಂಬಾತನು 14ನೆಯ ಲೂಯಿ ದೊರೆಯ ಅಪ್ಪಣೆ ಪಡೆದು ಕಟ್ಟಿಸಿದನು. ಗಂಡಸರೂ ಹೆಂಗಸರೂ ಸೇರಿ ಸಾವಿರಾರು ಮಂದಿ ಕೂಲಿಕಾರರು ದುಡಿದರು. ಸ್ವಂತ ಆಸ್ತಿಯನ್ನೂ ಇದಕ್ಕೆ ಸುರಿದು ಸಾಲಗಾರನಾದ ರಿಕೆಯು 1680ರಲ್ಲಿ ತೀರಿಕೊಂಡನು. ಕಾಲುವೆಯು ತೆರೆದದ್ದು ಮರುವರ್ಷ. ರೈಲು ಬಂದ ಮೇಲೆ ವ್ಯಾಪಾರವು ಕ್ಷೀಣಿಸುತ್ತ ಹೋಗಿ, ಇಪ್ಪತ್ತನೆಯ ಶತಮಾನದ ಕೊನೆಗೆ ಸರಕುದೋಣಿಗಳು ನಿಂತೇಹೋದುವು. 1996ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಇದರ ನೀರುಬಾಗಿಲುಗಳು ಮುಖ್ಯವಾಗಿ ವಿಹಾರಿಗಳಿಗಾಗಿಯೇ ತೆರೆದು ಮುಚ್ಚುತ್ತವೆ. ಅಷ್ಟರಮಟ್ಟಿಗೆ ಅವರಿಂದ ಉಪಕಾರವೇ ಆಗಿದೆಯೆಂದು ಒಪ್ಪಬೇಕು.

ಆದರೆ ವಿಹಾರಿಗಳು ಮೆಚ್ಚುವ ನೆರಳಿನ ಗತಿಯೇನು? ದಡದುದ್ದಕ್ಕೂ ಸುಮಾರು 42,000 ಪ್ಲೇನ್ ಮರಗಳಿದ್ದುವು. 2006ರಲ್ಲಿ ಅವುಗಳಿಗೆ ಶಿಲೀಂಧ್ರರೋಗವು ತಗುಲಿದುದು ಕಂಡುಬಂದಿತು. ರೋಗ ತಗುಲಿದ ಮರವನ್ನು ಕಡಿದು ಸುಡುವುದರ ಹೊರತು ಬೇರೆ ದಾರಿಯಿಲ್ಲ; ಹೀಗೆ 20,000ಕ್ಕೂ ಮಿಕ್ಕು ಮರಗಳು ಉರುಳಿವೆ. ರೋಗವು ನೀರಿನಲ್ಲಿ ಹರಡುತ್ತದೆ; ದಡಕ್ಕೆ ಉಜ್ಜುವ ದೋಣಿಯ ಒಡಲೂ ಮರಕ್ಕೆ ಬಿಗಿದ ಹಗ್ಗವೂ ಬೇರುತೊಗಟೆಗಳನ್ನು ಗಾಯಗೊಳಿಸಿ ಅದಕ್ಕೆ ದಾರಿಮಾಡಿಕೊಡುತ್ತವೆ. ನೆರಳನ್ನರಸಿ ಬಂದ ದೋಣಿಯೇ ಮರಕ್ಕೆ ಮೃತ್ಯುವನ್ನು ತರುವುದೆಂದರೆ ಇದಕ್ಕಿಂತ ವಿಷಾದಕರವಾದುದೇನಿದೆ?

ದೋಣಿಯವರು ಸುಂಕ ತೆರುತ್ತಿರುವರಲ್ಲವೆ ಎಂದು ಕೆಲವರು ಕೇಳಬಹುದು. ಆ ಸುಂಕವು ಹಾದುಹೋಗುವುದಕ್ಕೆ ಕೊಟ್ಟ ಬೆಲೆ. ಹಾಳಾದುದನ್ನು ತುಂಬಿಕೊಡುವುದಕ್ಕೆ ಅದು ಸಾಲದು. ರೋಗವನ್ನು ತಡೆಯಬಲ್ಲ ಬೇರೆ ಸಸಿಗಳನ್ನು ನೆಡುವ ಕಾರ್ಯವು ನಡೆದಿದೆಯಾದರೂ, ಅವು ನೆರಳು ಕೊಡಲು ದಶಕಗಳೇ ಬೇಕು. ವಾರವೊಂದಕ್ಕೆ ಸಾವಿರಾರು ಯೂರೋಗಳನ್ನು ವೆಚ್ಚಮಾಡುವ ಪ್ರಯಾಣಿಕನಿಂದ ಮರಗಳ ಹೆಸರಿನಲ್ಲಿ ಪ್ರತ್ಯೇಕ ಕರವೊಂದನ್ನು ಪಡೆದರೆ ಅನ್ಯಾಯವಾಗದು. ರಿಕೆಯು ತಾನು ಕಾಣದ ಕಾಲುವೆಗಾಗಿ ತನ್ನ ಸರ್ವಸ್ವವನ್ನೂ ವ್ಯಯಮಾಡಿದನು. ಅದರ ಸುಖವನ್ನು ಅನುಭವಿಸುವವರು ತಾವು ಕಾಣದ ನೆರಳಿಗಾಗಿ ಕಿಂಚಿತ್ತಾದರೂ ಕೊಡಬಾರದೆ?