ಸಂಗ್ರಹಕಾರನ ಚಾಕು, ಕೆಲಸಗಾರನ ಚಾಕು

ನಿವೃತ್ತಿಯ ನಂತರ ಅಂಚೆಚೀಟಿ, ನಾಣ್ಯ, ಹಳೆಯ ಪೆನ್ನುಗಳನ್ನು ಸಂಗ್ರಹಿಸುವವರು ಬಹಳ ಮಂದಿ ಇದ್ದಾರೆ. ಅವರನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಮೂರು ವರ್ಷಗಳ ಹಿಂದೆ ನಾನು ಮಡಚುವ ಚಾಕುಗಳನ್ನು ಸಂಗ್ರಹಿಸತೊಡಗಿದಾಗ ಮಾತ್ರ ಮನೆಯಲ್ಲಿ ಆತಂಕ ಹುಟ್ಟಿತು. ‘ಮೊಮ್ಮಕ್ಕಳು ಓಡಾಡುವ ಮನೆ, ಈ ವಯಸ್ಸಿನಲ್ಲಿ ಇದೇನ್ರೀ ಹುಚ್ಚು?’ ಎಂದರು ಪತ್ನಿ. ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ನಿವೃತ್ತ ಪೊಲೀಸ್ ಅಧಿಕಾರಿ. ‘ಲೈಸೆನ್ಸ್ ಮಾಡಿಸಿದ್ದೀರಾ ಸಾರ್?’ ಎಂದು ಅವರು ಅರ್ಧ ತಮಾಷೆಯಾಗಿ ಕೇಳಿದರು. ತಮಾಷೆಯಲ್ಲದ ಉಳಿದರ್ಧಕ್ಕೆ ಉತ್ತರ ಕೊಡಬೇಕೆನಿಸಿದೆ.

ಮಡಚುವ ಚಾಕು ನಮಗೆ ಹೊಸದೇನಲ್ಲ. ನನ್ನ ಅಜ್ಜಿಯ ಈಳಿಗೆಮಣೆಯೂ ಮಡಚುವಂಥದ್ದೇ ಆಗಿತ್ತು; ಕೆಲಸ ಮುಗಿದೊಡನೆ ಅಲಗು ಮಣೆಯ ಮೇಲೆ ಮಲಗುತ್ತಿತ್ತು. ಹರಿತವಾದದ್ದನ್ನು ಬಳಸಬೇಕು, ಬಳಸಿದ ಮೇಲೆ ಯಾರಿಗೂ ತಾಗದಂತೆ ಮುಚ್ಚಿಡಬೇಕು ಎಂಬ ಸರಳ ವಿವೇಕವೇ ಈ ವಸ್ತುವಿನ ಮೂಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಬೇರೆ ಆಕರ್ಷಣೆಯೂ ಇದೆ. ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ತಮ್ಮ ಪ್ರಖ್ಯಾತ ಗ್ರಂಥದಲ್ಲಿ, ಒಂದು ಕಸುಬು ಒಂದೇ ಊರಿನಲ್ಲಿ ಏಕೆ ಬೇರುಬಿಡುತ್ತದೆ ಎಂಬುದನ್ನು ವಿವರಿಸುವಾಗ ಇಂಗ್ಲೆಂಡಿನ ಶೆಫೀಲ್ಡಿನ ಚಾಕುಗಳನ್ನು ಉದಾಹರಿಸುತ್ತಾರೆ. ಅಲ್ಲಿನ ಸಾಣೆಕಲ್ಲಿನ ಗುಣವೇ ಆ ಹೆಸರಿಗೆ ಮುಖ್ಯ ಕಾರಣವೆಂಬುದು ಅವರ ಅಭಿಪ್ರಾಯ. ಅದೇ 1890ರಲ್ಲಿ ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ ರೈತಾಪಿ ಜನರಿಗೆಂದು ಮರದ ಹಿಡಿಯ ಒಂದು ಚಾಕು ಮಾಡಿದ. ಅದರಲ್ಲಿ 1ರಿಂದ 12ರವರೆಗೆ ಅಳತೆಗಳಿದ್ದವು. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ಉಕ್ಕಿನ ಬಳೆ ಸೇರಿದ್ದು 1955ರಲ್ಲಿ. ಇಂದಿಗೂ ಅದು ಹೆಚ್ಚು ಬದಲಾಗಿಲ್ಲ. ಸ್ವಿಟ್ಜರ್ಲೆಂಡಿನ ಸೈನಿಕರಿಗೆ ಮೊದಲು ಚಾಕು ಪೂರೈಸಿದ್ದು ಜರ್ಮನಿಯ ಜೋಲಿಂಗನ್ ಪಟ್ಟಣ. ಆ ಕೆಲಸ ಸ್ವದೇಶದಲ್ಲೇ ಆಗಲೆಂದು ಪಣತೊಟ್ಟ ಕಾರ್ಲ್ ಎಲ್ಸೆನರ್ 1891ರಿಂದ ಪೂರೈಕೆ ಆರಂಭಿಸಿದ. 1897ರಲ್ಲಿ ಅವನು ನೋಂದಾಯಿಸಿದ ಅಧಿಕಾರಿಗಳ ಚಾಕುವೇ ಇಂದು ಆ ದೇಶದ ಗುರುತಾಗಿದೆ.

ನಮ್ಮ ರಾಂಪುರದ ಕತೆ ಬೇರೆ. ಉತ್ತರಪ್ರದೇಶದ ಆ ಊರಿನ ಕುಶಲಕರ್ಮಿಗಳ ಚಾಕು ಹಿಂದಿ ಸಿನಿಮಾದ ಖಳನಾಯಕನ ಕೈಸೇರಿ, ‘ಕಟಕಟ’ ಸದ್ದಿನೊಡನೆ ತೆರೆದುಕೊಂಡು ದೇಶವನ್ನೆಲ್ಲ ಹೆದರಿಸಿತು. ದೆಹಲಿ ಆಡಳಿತ 1980ರ ಅಧಿಸೂಚನೆಯಲ್ಲಿ, 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲವನ್ನು ಮುಟ್ಟಿದ ಇಂಥ ಗುಂಡಿಚಾಕುಗಳಿಗೆ ನಿರ್ಬಂಧ ಹೇರಿತು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕುವಿನ ಪ್ರತಿಕೃತಿ ನಿಲ್ಲಿಸಲಾಯಿತು. ಸ್ಮಾರಕ ಎದ್ದಿತು, ಕಸುಬು ಸೊರಗಿತ್ತು. ಒಂದು ದೇಶದಲ್ಲಿ ಚಾಕು ಸೈನಿಕನ ಉಪಕರಣವಾಗಿ ಮೆರೆಯಿತು, ಇನ್ನೊಂದರಲ್ಲಿ ಪುಂಡನ ಆಯುಧವೆಂದು ಹೆಸರಾಯಿತು.

ಈ ಹವ್ಯಾಸಕ್ಕೆ ಕೈಹಾಕುವವರಿಗೆ ಎರಡು ಮಾತು. ಆರಂಭಕ್ಕೆ ಮೂರು ಚಾಕು ಸಾಕು: ಸಾದಾ ಉಕ್ಕಿನದೊಂದು, ಹಲವು ಉಪಕರಣಗಳಿರುವುದೊಂದು, ಯಾವುದಾದರೂ ಕಸುಬಿನವರು ಬಳಸುವುದೊಂದು. ಸಾದಾ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಒರೆಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಸವರಬೇಕು. ಚರ್ಮದ ಚೀಲದಲ್ಲಿ ಬಹುಕಾಲ ಇಡಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ. ಬೀರುವಿಗೆ ಬೀಗವಿರಲಿ.

ಲೈಸೆನ್ಸಿನ ವಿಚಾರ. ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ ರೂಪಿಸಿದ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಗೃಹಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ತಯಾರಾದವನ್ನು ಹೊರಗಿಡುತ್ತವೆ. ನನ್ನ ಬೀರುವಿನಲ್ಲಿರುವ ಯಾವ ಚಾಕುವೂ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಗೆಳೆಯರಿಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಸಂಗ್ರಹದ ಮೂರನೆಯ ಚಾಕು ಹಾಗೆ ಮುಗಿಸಲು ಬಿಡುತ್ತಿಲ್ಲ.

1989ರ ಮಳೆಗಾಲ. ನಾನು ಆಗ ತಹಶೀಲ್ದಾರ್, ಪದನಿಮಿತ್ತ ತಾಲ್ಲೂಕು ದಂಡಾಧಿಕಾರಿ. ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗಿದ್ದ ಒಬ್ಬ ಬಡಕಲು ವ್ಯಕ್ತಿಯನ್ನು ಪೊಲೀಸರು ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಮಿನಡಿ, ಶಂಕಾಸ್ಪದ ವ್ಯಕ್ತಿಯೆಂದು, ನನ್ನ ಮುಂದೆ ಹಾಜರುಪಡಿಸಿದರು. ಜೇಬಿನಲ್ಲಿ ಮಡಚುವ ಚಾಕು ಸಿಕ್ಕಿತ್ತು. ‘ಸ್ವಾಮಿ, ನಾನು ಕಸಿ ಕಟ್ಟೋನು. ಮಾವಿನ ಕಸಿಗೆ ಕರೆದಿದ್ದರು, ಕೊನೇ ಬಸ್ಸು ತಪ್ಪಿತು’ ಎಂದ. ಮೇಜಿನ ಮೇಲೆ ಜಮಾಬಂದಿಯ ಕಡತಗಳ ರಾಶಿಯಿತ್ತು. ಆರು ತಿಂಗಳ ಸನ್ನಡತೆಯ ಮುಚ್ಚಳಿಕೆಗೆ ಆದೇಶ ಬರೆದೆ. ಪರವೂರಿನವನಿಗೆ ಜಾಮೀನು ನಿಲ್ಲುವವರು ಯಾರು? ಅವನ ಊರಿನಿಂದ ಜನ ಬರುವವರೆಗೆ ಹನ್ನೊಂದು ದಿನ ಬಂದೀಖಾನೆಯಲ್ಲಿದ್ದ. ಕಸಿಯ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಚಾಕು ಅವನಿಗೆ ಮರಳಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಮೂರು ವರ್ಷದ ಹಿಂದೆ ನರ್ಸರಿ ಸಾಮಗ್ರಿಯ ಅಂಗಡಿಯೊಂದರಲ್ಲಿ ಕಸಿಚಾಕುವೊಂದನ್ನು ಮೊದಲ ಬಾರಿಗೆ ಬಿಚ್ಚಿ ನೋಡಿದೆ. ಬೆರಳುದ್ದದ ನೇರ ಅಲಗು. ಹಿಡಿಯ ತುದಿಯಲ್ಲಿ ತೊಗಟೆ ಬಿಡಿಸಲು ಒಂದು ಚಪ್ಪಟೆ ನಾಲಿಗೆ. ಕೊಲೆಗಡುಕನಿಗೆ ಆ ನಾಲಿಗೆಯಿಂದ ಏನು ಪ್ರಯೋಜನ? ಮೇಜಿನ ಮೇಲಿದ್ದ ಆ ಇನ್ನೊಂದು ಚಾಕುವನ್ನು 1989ರಲ್ಲಿ ನಾನು ಬಿಚ್ಚಿದ್ದರೆ ಸಾಕಿತ್ತು, ಅದೇ ಸಾಕ್ಷಿ ನುಡಿಯುತ್ತಿತ್ತು. ಹಿಡಿದ ಪೇದೆ, ಮಹಜರು ಬರೆದವರು, ಆದೇಶ ಬರೆದ ನಾನು – ನಮ್ಮಲ್ಲಿ ಯಾರೂ ಬಿಚ್ಚಲಿಲ್ಲ. ನಾವು ಅಳೆದದ್ದು ಅಲಗನ್ನಲ್ಲ, ಅವನ ಅಂಗಿಯನ್ನು.

ಪೊಲೀಸರ ಭಯ ಆಧಾರವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಚಾಕುವಿನಿಂದ ಜೀವಗಳು ಹೋಗುತ್ತವೆ. ರಾತ್ರಿ ಗಸ್ತಿನವನಿಗೆ ಯೋಚಿಸಲು ಸಿಗುವುದು ಕ್ಷಣಗಳು ಮಾತ್ರ. ಆದರೆ ಮರುದಿನ ಬೆಳಿಗ್ಗೆ ದಂಡಾಧಿಕಾರಿಗೆ ಸಮಯವಿರುತ್ತದೆ. ಇಂಥ ತೀರ್ಮಾನಗಳಲ್ಲಿ ಎರಡು ಬಗೆಯ ತಪ್ಪು ಸಾಧ್ಯ: ಅಪಾಯಕಾರಿಯನ್ನು ಬಿಡುವುದು, ನಿರಪರಾಧಿಯನ್ನು ಹಿಡಿದಿಡುವುದು. ಮೊದಲನೆಯದಕ್ಕೆ ಅಧಿಕಾರಿ ಉತ್ತರ ಹೇಳಬೇಕಾಗುತ್ತದೆ. ಎರಡನೆಯದರ ವೆಚ್ಚವನ್ನು ಕೂಲಿಯವನು ಮೌನವಾಗಿ ತೆರುತ್ತಾನೆ. ವೆಚ್ಚ ಬೇರೆಯವರದಾದಾಗ ತಪ್ಪು ಯಾವ ಕಡೆಗೆ ವಾಲುತ್ತದೆಂದು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 109 ಈಗ 128 ಆಗಿದೆ. ಅಧಿಕಾರ ಹಾಗೆಯೇ ಉಳಿದಿದೆ. ಬ್ರಿಟನ್ನಿನಲ್ಲಿ 1988ರ ಕಾಯ್ದೆಯಂತೆ, 3 ಅಂಗುಲ ಮೀರದ, ಬಿಗಿದು ನಿಲ್ಲದ ಮಡಚುವ ಜೇಬುಚಾಕುವನ್ನು ಇಟ್ಟುಕೊಳ್ಳಲು ಕಾರಣ ಹೇಳಬೇಕಿಲ್ಲ. ಉಳಿದವಕ್ಕೆ ಕೆಲಸದ ಕಾರಣವನ್ನು ಒಪ್ಪಲಾಗುತ್ತದೆ. ನಮ್ಮಲ್ಲಿ ಕಾಯ್ದೆಯ ತಿದ್ದುಪಡಿಯೂ ಬೇಡ, ಒಂದು ಸುತ್ತೋಲೆ ಸಾಕು. ವಶಪಡಿಸಿಕೊಂಡ ಚಾಕುವಿನ ಅಳತೆ, ರಚನೆ, ಹಿಡಿದವನು ಹೇಳುವ ಕಸುಬು ಮಹಜರಿನಲ್ಲಿ ದಾಖಲಾಗಬೇಕು. ದಂಡಾಧಿಕಾರಿ ಅದನ್ನು ಸ್ವತಃ ಬಿಚ್ಚಿ ನೋಡಿ, ಆ ಕಸುಬನ್ನು ದೂರವಾಣಿಯಲ್ಲಾದರೂ ಖಚಿತಪಡಿಸಿಕೊಳ್ಳಬೇಕು. ಕೆಲಸದ ಉಪಕರಣವೆಂದು ಕಂಡರೆ ಅಂದೇ ಹಿಂದಿರುಗಿಸಬೇಕು.

ಇಂದು ನನ್ನ ಬಳಿ ಹತ್ತೊಂಬತ್ತು ಚಾಕುಗಳಿವೆ. ಅದನ್ನು ಹವ್ಯಾಸವೆನ್ನುತ್ತಾರೆ, ಬಂದವರು ಕುತೂಹಲದಿಂದ ನೋಡುತ್ತಾರೆ. ಅವನ ಬಳಿ ಇದ್ದದ್ದು ಒಂದೇ, ಅದನ್ನು ಅಪರಾಧವೆಂದೆ. ಗೆಳೆಯರೇ, ಲೈಸೆನ್ಸ್ ನನಗೆ ಎಂದೂ ಬೇಕಾಗಿರಲಿಲ್ಲ. ವ್ಯತ್ಯಾಸವಿದ್ದದ್ದು ಚಾಕುವಿನಲ್ಲಲ್ಲ.